ಆಸ್ಪತ್ರೆಯ ಮೇಲೆ ಕೇಸು: ವಕೀಲರು ಒಲ್ಲೆ ಎನ್ನುವುದು ಏಕೆ?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕು. ನನ್ನ ಅಕ್ಕನಿಗೆ 36 ವರ್ಷ. ಪಿತ್ತಕೋಶದಲ್ಲಿ ಕಲ್ಲು ಇದೆಯೆಂದು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಪ್ರೊಸ್ಕೋಪಿ ಆಪರೇಷನ್ ಮಾಡಿಸಿದೆವು. ಮೂರನೆಯ ದಿನ ಮನೆಗೆ ಕಳಿಸಿದರು. ಆಮೇಲೆ ಹೊಟ್ಟೆ ಉಬ್ಬಿತು, ಜ್ವರ ಬಂತು. ಎರಡು ಸಲ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗ್ಯಾಸ್ ಎಂದು ಗುಳಿಗೆ ಬರೆದುಕೊಟ್ಟರು. ಕಣ್ಣು ಹಳದಿಯಾದ ಮೇಲೆ ಹೈದರಾಬಾದಿಗೆ ಒಯ್ದೆವು. ಪಿತ್ತನಾಳಕ್ಕೆ ಪೆಟ್ಟಾಗಿ ಪಿತ್ತರಸ ಹೊಟ್ಟೆಯೊಳಗೆ ಸೋರಿದೆ ಎಂದು ಅಲ್ಲಿ ಮತ್ತೆ ಆಪರೇಷನ್ ಮಾಡಿದರು. ಉಳಿಯಲಿಲ್ಲ. ಪೋಸ್ಟ್‌ಮಾರ್ಟಂ ಮಾಡಿಸಲಿಲ್ಲ. ಭಾವ ಮತ್ತು ಇಬ್ಬರು ಸಣ್ಣ ಮಕ್ಕಳಿದ್ದಾರೆ. ಇದಾಗಿ ಒಂದು ವರ್ಷ ಏಳು ತಿಂಗಳಾಯಿತು. ಇಬ್ಬರು ವಕೀಲರು ಕಾಗದ ನೋಡಿ ‘ಇದು ಆಗುವುದಿಲ್ಲ’ ಎಂದರು. ಮೂರನೆಯವರು 50,000 ರೂಪಾಯಿ ಮುಂಗಡ ಕೊಡಿ, ಬಂದ ಪರಿಹಾರದಲ್ಲಿ ಕಾಲು ಪಾಲು ನನಗೆ, 50 ಲಕ್ಷ ಖಂಡಿತ ಎನ್ನುತ್ತಾರೆ. ವಕೀಲರು ಡಾಕ್ಟರರ ಜೊತೆ ಶಾಮೀಲಾಗಿರುತ್ತಾರೆಯೇ? ಇಂಥ ಕೇಸನ್ನು ಅವರು ಯಾವ ಲೆಕ್ಕದ ಮೇಲೆ ಹಿಡಿಯುತ್ತಾರೆ, ಬಿಡುತ್ತಾರೆ?

ಉತ್ತರ: ಶಾಮೀಲು ಎನ್ನುವುದು ದೊಡ್ಡ ಮಾತು. ಆದರೆ ನಿಮ್ಮ ಅನುಮಾನ ಪೂರ್ತಿ ಆಧಾರವಿಲ್ಲದ್ದೂ ಅಲ್ಲ. ಕಲಬುರಗಿ ದೊಡ್ಡ ಊರಾದರೂ ಇಲ್ಲಿ ವೈದ್ಯರು ಮತ್ತು ವಕೀಲರು ಒಬ್ಬರಿಗೊಬ್ಬರು ಗೊತ್ತಿರುವವರು. ಬೀಗಸ್ತನ, ಓಣಿಯ ಸ್ನೇಹ, ಒಂದೇ ಶಾಲೆಯಲ್ಲಿ ಓದಿದ ನಂಟು ಎಲ್ಲವೂ ಇರುತ್ತವೆ. ಕೆಲವು ವಕೀಲರು ಆಸ್ಪತ್ರೆಗಳಿಗೆ ಅಥವಾ ವೈದ್ಯರಿಗೆ ವೃತ್ತಿ ವಿಮೆ ಕೊಡುವ ಕಂಪನಿಗಳಿಗೆ ಕಾಯಂ ವಕೀಲರು. ಅವರು ನಿಮ್ಮ ಕೇಸು ಬಿಟ್ಟಿದ್ದರೆ ತಪ್ಪು ಮಾಡಿಲ್ಲ, ಹಿಡಿದಿದ್ದರೆ ತಪ್ಪಾಗುತ್ತಿತ್ತು. ಆದರೆ ‘ಆಗುವುದಿಲ್ಲ’ ಎಂದಷ್ಟೇ ಹೇಳಿ ಕಳಿಸುವುದು ಸರಿಯಲ್ಲ. ಏಕೆ ಆಗುವುದಿಲ್ಲ ಎಂದು ಕೇಳುವ ಹಕ್ಕು ನಿಮಗಿತ್ತು. ಕೇಳಿದ್ದರೆ ಬಹುಶಃ ನಾಲ್ಕೈದು ಕಾರಣಗಳಲ್ಲಿ ಒಂದು ಹೊರಬರುತ್ತಿತ್ತು.

ನನಗೆ ಹೆಚ್ಚು ಚಿಂತೆ ಹಚ್ಚಿದವರು ನಿಮ್ಮ ಮೂರನೆಯ ವಕೀಲರು. ಪರಿಹಾರದಲ್ಲಿ ಪಾಲು ಕೇಳುವಂತಿಲ್ಲ. ಗೆದ್ದರೆ ಇಷ್ಟು, ಸೋತರೆ ಇಷ್ಟು ಎಂದು ಫಲಿತಾಂಶಕ್ಕೆ ಫೀಸು ಕಟ್ಟುವುದನ್ನು ಭಾರತೀಯ ಬಾರ್ ಕೌನ್ಸಿಲ್‌ನ ನಡತೆ ನಿಯಮಗಳಲ್ಲಿ 20ನೆಯ ನಿಯಮ ನೇರವಾಗಿ ನಿಷೇಧಿಸುತ್ತದೆ. ಅಮೆರಿಕದಲ್ಲಿ ಇದು ತಿರುವುಮುರುವು. ಅಲ್ಲಿ ಇಂಥ ಕೇಸು ಹಿಡಿಯುವ ವಕೀಲರು ಸಾಮಾನ್ಯವಾಗಿ ಕಕ್ಷಿದಾರರಿಂದ ಮೊದಲು ಏನೂ ತೆಗೆದುಕೊಳ್ಳದೆ, ತಜ್ಞ ವೈದ್ಯರ ಖರ್ಚನ್ನೂ ತಾವೇ ಹಾಕಿ, ಗೆದ್ದರೆ ಮೂರನೆಯ ಒಂದು ಭಾಗದ ಆಸುಪಾಸು ಪಡೆಯುತ್ತಾರೆ. ಸೋತರೆ ಹೋಗುವುದು ಅವರ ಹಣ. ಹಾಗಾಗಿ ಅವರು ಬಂದ ಹತ್ತು ಕಡತಗಳಲ್ಲಿ ಬಹುಪಾಲನ್ನು ವಾಪಸು ಕಳಿಸುತ್ತಾರೆ, ಕೈಯಲ್ಲಿ ಇಟ್ಟುಕೊಂಡದ್ದನ್ನು ಜತನದಿಂದ ನಡೆಸುತ್ತಾರೆ. ನಮ್ಮಲ್ಲಿ ಸೋಲಿನ ನಷ್ಟ ಪೂರ್ತಿ ಕಕ್ಷಿದಾರನ ತಲೆಗೆ ಬರುವುದರಿಂದ, ಮುಂಗಡ ಪಡೆದ ವಕೀಲನಿಗೆ ದುರ್ಬಲ ಕೇಸನ್ನೂ ಹಿಡಿಯುವ ಆಸೆ ಇರುತ್ತದೆ. ನಿಮ್ಮ ಮೂರನೆಯವರು ಎರಡೂ ಕಡೆಯ ಲಾಭವನ್ನು ಕೇಳುತ್ತಿದ್ದಾರೆ: ಮುಂಗಡವೂ ಬೇಕು, ಪಾಲೂ ಬೇಕು. ಕಡತವನ್ನು ಒಬ್ಬ ಸರ್ಜನ್ ನೋಡುವ ಮೊದಲೇ 50 ಲಕ್ಷ ಖಂಡಿತ ಎನ್ನುವವರ ಕೈಗೆ ವಕಾಲತ್ತು ಕೊಡಬೇಡಿ.

ಇನ್ನು ಲೆಕ್ಕದ ವಿಷಯ. ಅನುಭವಿ ವಕೀಲರು ಮೊದಲು ಕೇಳುವುದು ತಾರೀಖು. ಹಣ ಕೊಟ್ಟು ಚಿಕಿತ್ಸೆ ಪಡೆದವರು ಕಾನೂನಿನ ಕಣ್ಣಿನಲ್ಲಿ ಗ್ರಾಹಕರು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ 69ನೆಯ ಕಲಮಿನ ಪ್ರಕಾರ ಅವರ ದೂರಿಗೆ ಎರಡು ವರ್ಷದ ಗಡುವು. ತಡವಾದರೆ ಸಕಾರಣ ತೋರಿಸಿ ಮನ್ನಿಸಿ ಎಂದು ಕೇಳಬಹುದು, ಆದರೆ ಅದು ದೂರು ಕೇಳುವ ಗ್ರಾಹಕರ ಆಯೋಗದ ವಿವೇಚನೆ. ನಿಮ್ಮದೇ ರೀತಿಯ ಪಿತ್ತಕೋಶದ ಆಪರೇಷನ್ನಿನ ಕೇಸೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 1993ರಲ್ಲಿ ಆಪರೇಷನ್, ನೋವು ನಿಲ್ಲಲೇ ಇಲ್ಲ, 2002ರಲ್ಲಿ ಬೇರೆ ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದಾಗ ಒಳಗೆ ಗಾಜ್ ಬಟ್ಟೆ ಸಿಕ್ಕಿತು, 2004ರಲ್ಲಿ ದೂರು ಕೊಟ್ಟರು. ಬಟ್ಟೆಯನ್ನು ಹೊಟ್ಟೆಯಲ್ಲೇ ಬಿಡುವುದಕ್ಕಿಂತ ದೊಡ್ಡ ನಿರ್ಲಕ್ಷ್ಯ ಯಾವುದಿದೆ ಎಂದು ನಮಗೆ ಅನ್ನಿಸುತ್ತದೆ. ಆದರೂ 2010ರಲ್ಲಿ ಆ ದೂರು ಕಾಲಮಿತಿಯ ಮೇಲೆ ಬಿದ್ದುಹೋಯಿತು. ಅಷ್ಟು ವರ್ಷ ನೋವುಂಡವರು, ಅದರಲ್ಲೂ ಸ್ವತಃ ನರ್ಸ್ ಆಗಿದ್ದವರು, ಮೊದಲೇ ವಿಚಾರಿಸಬೇಕಿತ್ತು ಎಂಬುದು ನ್ಯಾಯಾಲಯದ ನಿಲುವು. ಶ್ರೀಖಂಡೆ ಪ್ರಕರಣ ಎಂದು ವಕೀಲರು ಇದನ್ನು ಕರೆಯುತ್ತಾರೆ. ನಿಮಗೆ ಉಳಿದಿರುವುದು ಐದು ತಿಂಗಳು. ಅದನ್ನೂ ಅಕ್ಕ ತೀರಿಕೊಂಡ ದಿನದಿಂದ ಎಣಿಸಬೇಡಿ, ಮೊದಲ ಆಪರೇಷನ್ನಿನ ದಿನದಿಂದ ಎಣಿಸಿ. ಎದುರಿನ ವಕೀಲರು ಹಾಗೆಯೇ ಎಣಿಸುತ್ತಾರೆ. ನಿಮ್ಮನ್ನು ಕಳಿಸಿದ ಇಬ್ಬರಲ್ಲಿ ಒಬ್ಬರಾದರೂ ಈ ಕಾರಣಕ್ಕೆ ಹಿಂಜರಿದಿರಬಹುದು: ಕಡತ ಓದಿ, ತಜ್ಞರ ಅಭಿಪ್ರಾಯ ತರಿಸಿ, ದೂರು ಬರೆಯಲು ಐದು ತಿಂಗಳು ಕಡಿಮೆ ಸಮಯ.

ಎರಡನೆಯದಾಗಿ ನೋಡುವುದು ಯಾರು ದೂರುದಾರರು ಎಂಬುದನ್ನು. ಓಡಾಡುತ್ತಿರುವವರು ನೀವು, ಆದರೆ ಸಹಿ ಹಾಕಬೇಕಾದವರು ಭಾವ. ಗ್ರಾಹಕರು ಮೃತರಾದಾಗ ಅವರ ಕಾನೂನುಬದ್ಧ ವಾರಸುದಾರರು ದೂರು ಕೊಡಬೇಕು. ಗಂಡ ಮತ್ತು ಮಕ್ಕಳಿರುವಾಗ ತಮ್ಮನಿಗೆ ಆ ಸ್ಥಾನವಿಲ್ಲ. ಸಣ್ಣ ಮಕ್ಕಳ ಪರವಾಗಿ ತಂದೆಯೇ ನಿಲ್ಲುತ್ತಾರೆ. ಭಾವನಿಗೆ ಮನಸ್ಸಿಲ್ಲದೆ ನೀವೊಬ್ಬರೇ ಎಳೆದುಕೊಂಡು ಹೋಗುತ್ತಿದ್ದರೆ ಕೇಸು ಎರಡನೆಯ ವರ್ಷದಲ್ಲಿ ಸತ್ತುಹೋಗುತ್ತದೆ. ವಕೀಲರು ಇದನ್ನು ಮುಖ ನೋಡಿಯೇ ಅಳೆಯುತ್ತಾರೆ. ಮುಂದಿನ ಸಲ ಭಾವನನ್ನು ಕರೆದುಕೊಂಡೇ ಹೋಗಿ.

ಇನ್ನೆರಡು ಪ್ರಶ್ನೆಗಳನ್ನು ವಕೀಲರು ಮೆಲುದನಿಯಲ್ಲಿ ಕೇಳುತ್ತಾರೆ. ಆಸ್ಪತ್ರೆಯಲ್ಲಿ ಗಲಾಟೆ ಆಗಿತ್ತೇ? ಹಿರಿಯರು ಕೂಡಿ ರಾಜಿ ಮಾಡಿಸಿ, ಹಣ ಕೊಡಿಸಿ, ಬಾಂಡ್ ಕಾಗದದ ಮೇಲೆ ‘ನಮ್ಮ ತಕರಾರು ಇಲ್ಲ’ ಎಂದು ಬರೆಸಿಕೊಂಡಿದ್ದಾರೆಯೇ? ನಮ್ಮ ಭಾಗದಲ್ಲಿ ಎರಡೂ ನಡೆಯುತ್ತವೆ. ವೈದ್ಯರ ಮೇಲೆ ಕೈ ಮಾಡಿದರೆ, ಕಿಟಕಿ ಒಡೆದರೆ ಕರ್ನಾಟಕದ 2009ರ ಕಾಯ್ದೆಯ ಅಡಿಯಲ್ಲಿ ನಿಮ್ಮ ಮೇಲೆಯೇ ಕ್ರಿಮಿನಲ್ ಕೇಸು ಬೀಳುತ್ತದೆ, ಆಮೇಲೆ ಅದನ್ನು ಹಿಂತೆಗೆಯುವ ಆಸೆ ತೋರಿಸಿ ನಿಮ್ಮ ದೂರನ್ನು ಹಿಂತೆಗೆಸುತ್ತಾರೆ. ರಾಜಿ ಕಾಗದ ಇದ್ದ ಮಾತ್ರಕ್ಕೆ ಎಲ್ಲ ಮುಗಿಯಿತು ಎಂದಲ್ಲ. ಆದರೆ ಅದನ್ನು ವಕೀಲರಿಂದ ಮುಚ್ಚಿಡಬೇಡಿ. ಎದುರಿನವರ ತಕರಾರು ಹೇಳಿಕೆಯಲ್ಲಿ ಅದನ್ನು ಮೊದಲ ಬಾರಿಗೆ ಓದುವ ವಕೀಲರು ಆ ದಿನದಿಂದ ನಿಮ್ಮನ್ನು ನಂಬುವುದಿಲ್ಲ.

ಈಗ ಕಾಗದಪತ್ರ. ನೀವು ವಕೀಲರಿಗೆ ಏನು ತೋರಿಸಿದಿರಿ ಎಂದು ಬರೆದಿಲ್ಲ. ಸಾಮಾನ್ಯವಾಗಿ ಜನ ತರುವುದು ಡಿಸ್ಚಾರ್ಜ್ ಕಾರ್ಡು, ನಾಲ್ಕು ಬಿಲ್ಲು, ಎಕ್ಸ್‌ರೇ ಇರುವ ದೊಡ್ಡ ಲಕೋಟೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಬೇಕಾದದ್ದು ಪೂರ್ತಿ ಕೇಸ್ ಶೀಟು: ದಾಖಲಾದ ಹೊತ್ತಿನ ತಪಾಸಣೆ, ಆಪರೇಷನ್ ಟಿಪ್ಪಣಿ, ಅರಿವಳಿಕೆಯ ದಾಖಲೆ, ನರ್ಸುಗಳು ಗಂಟೆಗಂಟೆಗೆ ಬರೆದ ನಾಡಿ, ಜ್ವರ, ಮೂತ್ರದ ಪಟ್ಟಿ, ಒಪ್ಪಿಗೆ ಪತ್ರ. 2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ ವೈದ್ಯರು ಒಳರೋಗಿಗಳ ದಾಖಲೆಗಳನ್ನು ಮೂರು ವರ್ಷ ಇಟ್ಟಿರಬೇಕು. ರೋಗಿಯೋ ಅಧಿಕೃತ ಸಂಬಂಧಿಕರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳಿದರೆ ‘ನಾಳೆ ಬನ್ನಿ’ ಎನ್ನುತ್ತಾರೆ. ಭಾವನ ಸಹಿಯಲ್ಲಿ ಅರ್ಜಿ ಬರೆದು, ಸ್ವೀಕೃತಿ ಸಿಗುವ ಹಾಗೆ ಅಂಚೆಯಲ್ಲಿ ಕಳಿಸಿ, ಒಂದು ಪ್ರತಿಯನ್ನು ಕೈಯಾರೆ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಕೊಟ್ಟರೆ ನಿಮಗೆ ದಾಖಲೆ ಸಿಕ್ಕಿತು. ಕೊಡದಿದ್ದರೆ ಆ ನಿರಾಕರಣೆಯೇ ಆಯೋಗದ ಮುಂದೆ ಅವರ ವಿರುದ್ಧ ನಿಲ್ಲುತ್ತದೆ. ಕಡತ ಬಂದ ಮೇಲೆ ಅಕ್ಷರ ನೋಡಿ. ಒಂದೇ ಪೆನ್ನು, ಒಂದೇ ಕೈ, ಒಂದೇ ಓಟದಲ್ಲಿ ಮೂರು ದಿನದ ಟಿಪ್ಪಣಿ ಬರೆದಿದ್ದರೆ ಅನುಭವಿ ವಕೀಲರ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ.

ಆದರೆ ನಿಮ್ಮ ಕೇಸಿನಲ್ಲಿ ಇವೆಲ್ಲಕ್ಕಿಂತ ಬೆಲೆಯುಳ್ಳ ಕಾಗದ ಇನ್ನೆರಡು. ಒಂದು, ಮತ್ತೆ ಹೋದಾಗ ಗ್ಯಾಸ್ ಎಂದು ಗುಳಿಗೆ ಬರೆದುಕೊಟ್ಟ ಆ ಎರಡು ಒಪಿಡಿ (ಹೊರರೋಗಿ) ಚೀಟಿಗಳು. ಇನ್ನೊಂದು, ಹೈದರಾಬಾದಿನಲ್ಲಿ ಎರಡನೆಯ ಆಪರೇಷನ್ ಮಾಡಿದವರು ಹೊಟ್ಟೆಯೊಳಗೆ ಕಂಡದ್ದನ್ನು ಬರೆದ ಟಿಪ್ಪಣಿ. ಏಕೆಂದು ಹೇಳುತ್ತೇನೆ, ಇಡೀ ಪ್ರಶ್ನೆಯ ತಿರುಳು ಇಲ್ಲಿದೆ.

ನೀವು ‘ಆಪರೇಷನ್ ಕೆಡಿಸಿದರು’ ಎಂದು ಹೇಳಿರುತ್ತೀರಿ. ವಕೀಲರು ಅಲ್ಲಿಯೇ ಕಡತ ಮುಚ್ಚಿರುತ್ತಾರೆ. ಪಿತ್ತಕೋಶದ ಲ್ಯಾಪ್ರೊಸ್ಕೋಪಿಯಲ್ಲಿ ಪಿತ್ತನಾಳಕ್ಕೆ ಪೆಟ್ಟಾಗುವುದು ಲೋಕವೆಲ್ಲ ಬಲ್ಲ ತೊಡಕು. ಸಾವಿರ ಆಪರೇಷನ್ನುಗಳಲ್ಲಿ ಮೂರರಿಂದ ಐದರ ಆಸುಪಾಸಿನಲ್ಲಿ, ನುರಿತ ಕೈಗಳಲ್ಲೂ ಆಗುತ್ತದೆ. ಬಾವು ಬಂದು ಅಂಟಿಕೊಂಡ ಭಾಗದಲ್ಲಿ ನಾಳ ಯಾವುದು ಎಂದು ಗುರುತಿಸುವುದೇ ಕಷ್ಟ. ಕಾನೂನು ವೈದ್ಯರಿಂದ ಬಯಸುವುದು ಅತ್ಯುತ್ತಮ ಕೌಶಲವನ್ನಲ್ಲ. ಅದೇ ವಿಷಯದಲ್ಲಿ ಸಾಧಾರಣ ನಿಪುಣರೊಬ್ಬರು ವಹಿಸುವಷ್ಟು ಎಚ್ಚರ ಇದ್ದರೆ ಸಾಕು. 1957ರ ಇಂಗ್ಲೆಂಡಿನ ಬೋಲಂ ಪ್ರಕರಣದ ಈ ಅಳತೆಗೋಲನ್ನು ನಮ್ಮ ಸುಪ್ರೀಂ ಕೋರ್ಟು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಒಪ್ಪಿಕೊಂಡಿದೆ. ಚಿಕಿತ್ಸೆ ಫಲಿಸಲಿಲ್ಲ, ರೋಗಿ ಉಳಿಯಲಿಲ್ಲ ಎಂಬುದು ನಿರ್ಲಕ್ಷ್ಯವಲ್ಲ. ಎರಡು ಒಪ್ಪಿತ ಮಾರ್ಗಗಳಲ್ಲಿ ಒಂದನ್ನು ಆರಿಸಿ ಅದು ಕೈಕೊಟ್ಟರೂ ನಿರ್ಲಕ್ಷ್ಯವಲ್ಲ.

ಹಾಗಾದರೆ ನಿಮ್ಮದು ಕೇಸೇ ಅಲ್ಲವೇ? ನನ್ನ ಅಂದಾಜಿನಲ್ಲಿ ಇರಬಹುದು, ಆದರೆ ಅದು ಆಪರೇಷನ್ ಕೋಣೆಯಲ್ಲಿಲ್ಲ, ಆಮೇಲಿನ ದಿನಗಳಲ್ಲಿದೆ. ಇಂಥ ಆಪರೇಷನ್ ಆದ ಮೂರು-ನಾಲ್ಕು ದಿನಗಳಲ್ಲಿ ಹೊಟ್ಟೆ ಉಬ್ಬಿ, ಜ್ವರ ಬಂದು, ನೋವು ಇಳಿಯದಿದ್ದರೆ ಪಿತ್ತರಸ ಸೋರಿದೆಯೇ ಎಂದು ಸರ್ಜನ್ ಮೊದಲು ಅನುಮಾನಿಸಬೇಕು. ಅದನ್ನು ಹುಡುಕಲು ಬೇಕಾದ ರಕ್ತಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಕಲಬುರಗಿಯಲ್ಲಿ ಸಿಗದ ವಸ್ತುಗಳಲ್ಲ. ಮರಳಿ ಬಂದ ರೋಗಿಗೆ ಅವುಗಳನ್ನು ಬರೆಯದೆ, ಎರಡನೆಯ ಸಲವೂ ಬರೆಯದೆ, ಗ್ಯಾಸ್ ಗುಳಿಗೆ ಕೊಟ್ಟು ಕಳಿಸಿದ್ದರೆ ‘ಸಾಧಾರಣ ನಿಪುಣರು ಹೀಗೆ ಮಾಡುತ್ತಾರೆಯೇ’ ಎಂಬ ಪ್ರಶ್ನೆ ಗಟ್ಟಿಯಾಗಿ ನಿಲ್ಲುತ್ತದೆ. ಪೆಟ್ಟಾದದ್ದು ತೊಡಕು, ಗುರುತಿಸದೆ ಬಿಟ್ಟದ್ದು ನಿರ್ಲಕ್ಷ್ಯ. ನಿಮ್ಮ ಮುಂದಿನ ವಕೀಲರ ಎದುರು ಹೀಗೆ ಹೇಳಿ ನೋಡಿ. ಆ ಚೀಟಿಗಳು ಕಳೆದಿದ್ದರೆ ಔಷಧಿ ಅಂಗಡಿಯ ಬಿಲ್ಲು, ಆ ದಿನದ ಫೋನ್ ಕರೆಗಳು, ಮೊಬೈಲಿನಲ್ಲಿ ತೆಗೆದ ಫೋಟೊ ಏನಿದೆಯೋ ಹುಡುಕಿ.

ನಿರ್ಲಕ್ಷ್ಯ ತೋರಿಸಿದರೆ ಅರ್ಧ ದಾರಿ. ಆ ನಿರ್ಲಕ್ಷ್ಯದಿಂದಲೇ ಸಾವು ಬಂತು ಎಂದು ಕೂಡಿಸಬೇಕು. ಹೆಚ್ಚಿನ ಕೇಸುಗಳು ಬೀಳುವುದು ಇಲ್ಲಿ, ವಕೀಲರು ಹೆಚ್ಚು ಹೊತ್ತು ಯೋಚಿಸುವುದೂ ಇಲ್ಲಿಯೇ. ತೊಗರಿ ಒಣಗಿತೆಂದು ಬೀಜದ ಅಂಗಡಿಯವರ ಮೇಲೆ ಹೋದ ರೈತನಿಗೆ ಇದು ಗೊತ್ತು: ನೆಟೆರೋಗದಿಂದ ಒಣಗಿಲ್ಲ ಎಂದು ಹೇಗೆ ಹೇಳುತ್ತೀರಿ ಎಂದು ಎದುರಿನ ವಕೀಲರು ಕೇಳಿಯೇ ಕೇಳುತ್ತಾರೆ. ನಿಮ್ಮ ವಿಷಯದಲ್ಲಿ ಅವರು ಹೇಳುವುದು ಹೀಗಿರುತ್ತದೆ: ಸಾವು ಆದದ್ದು ಹೈದರಾಬಾದಿನಲ್ಲಿ, ಕಾರಣ ಅಲ್ಲಿನ ಆಪರೇಷನ್ ಇರಬಹುದು, ಪೋಸ್ಟ್‌ಮಾರ್ಟಂ ಇಲ್ಲ. ಹೆಣ ಕೊಯ್ಯಿಸಲು ನಮ್ಮ ಮನೆಗಳಲ್ಲಿ ಒಪ್ಪುವುದಿಲ್ಲ, ಆ ಗಳಿಗೆಯಲ್ಲಿ ಕೇಸಿನ ಯೋಚನೆ ಯಾರಿಗೂ ಇರುವುದಿಲ್ಲ. ಎಷ್ಟೋ ಕೇಸುಗಳು ಇದೊಂದೇ ಕಾರಣಕ್ಕೆ ಆರಂಭವೇ ಆಗುವುದಿಲ್ಲ. ನಿಮ್ಮಲ್ಲಿ ಮಾತ್ರ ಆ ಕೊರತೆಯನ್ನು ತುಂಬುವ ದಾಖಲೆ ಇದೆ: ಎರಡನೆಯ ಸರ್ಜನ್ ಜೀವಂತ ರೋಗಿಯ ಹೊಟ್ಟೆ ತೆರೆದು ಪಿತ್ತರಸ ಎಷ್ಟು ನಿಂತಿತ್ತು, ನಾಳ ಎಲ್ಲಿ ಹರಿದಿತ್ತು, ಸೋಂಕು ಎಷ್ಟು ಹಬ್ಬಿತ್ತು ಎಂದು ಅದೇ ದಿನ ಬರೆದಿರುತ್ತಾರೆ. ಸಾವಿನ ಸಾರಾಂಶದಲ್ಲಿ ಆ ಸೋಂಕನ್ನೇ ಕಾರಣ ಎಂದು ಬರೆದಿದ್ದರೆ ಪೋಸ್ಟ್‌ಮಾರ್ಟಂ ಇಲ್ಲದ ಮಾತು ಬಹಳ ದೂರ ಓಡುವುದಿಲ್ಲ.

ಆದ್ದರಿಂದ ಹೈದರಾಬಾದಿನ ಆಸ್ಪತ್ರೆಯನ್ನೂ ಎದುರುದಾರರನ್ನಾಗಿ ಮಾಡಬೇಕೇ ಎಂಬ ಪ್ರಶ್ನೆ ಬಂದಾಗ ಎಚ್ಚರವಿರಲಿ. ನಿಮ್ಮ ಮುಖ್ಯ ಸಾಕ್ಷಿಯನ್ನು ನೀವೇ ಎದುರಾಳಿ ಮಾಡಿಕೊಂಡಂತೆ ಆಗುತ್ತದೆ. ಅಲ್ಲಿಯೂ ತಪ್ಪಾಗಿದೆ ಎಂದು ತಜ್ಞರು ಹೇಳಿದರೆ ಮಾತು ಬೇರೆ. ಸಿಟ್ಟಿನಲ್ಲಿ ಎಲ್ಲರನ್ನೂ ಸೇರಿಸಿದ ದೂರುಗಳಲ್ಲಿ ಎದುರುದಾರರು ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತಾ ವರ್ಷಗಳು ಉರುಳುತ್ತವೆ. ಇಲ್ಲಿನ ಆಸ್ಪತ್ರೆಯ ಪ್ರತಿಯೊಬ್ಬ ವೈದ್ಯರ ಹೆಸರು ಗೊತ್ತಿಲ್ಲವೆಂದು ಚಿಂತಿಸಬೇಕಿಲ್ಲ. ಆಸ್ಪತ್ರೆಯನ್ನು ಎದುರುದಾರ ಮಾಡಿದರೆ ಸಾಕು, ಎಚ್ಚರ ವಹಿಸಿದ್ದೆವು ಎಂದು ತೋರಿಸುವ ಹೊಣೆ ಅದರ ಮೇಲೆ ಬರುತ್ತದೆ ಎಂದು 2004ರ ಸವಿತಾ ಗರ್ಗ್ ತೀರ್ಪು ಹೇಳಿದೆ.

ಇದನ್ನೆಲ್ಲ ಹೇಳಲು ವೈದ್ಯರೊಬ್ಬರು ಬೇಕು. ದೂರು ಸಲ್ಲಿಸುವ ಮೊದಲೇ ತಜ್ಞರ ಅಭಿಪ್ರಾಯ ಕಡ್ಡಾಯವೇ? 2009ರ ಮಾರ್ಟಿನ್ ಡಿಸೋಜಾ ತೀರ್ಪು ಹಾಗೆ ಹೇಳಿತ್ತು, ಮರುವರ್ಷವೇ ಕಿಶನ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್ಲ ಕೇಸುಗಳಿಗೂ ಅದು ಬೇಕಿಲ್ಲ ಎಂದಿತು. ಬೇಕಿಲ್ಲದ ಕೇಸು ಯಾವುದೆಂದರೆ ಹೊಟ್ಟೆಯಲ್ಲಿ ಟವೆಲ್ ಬಿಟ್ಟದ್ದು, ಬಲಗಾಲಿನ ಬದಲು ಎಡಗಾಲು ಕೊಯ್ದದ್ದು, ಹೋಮಿಯೋಪತಿ ಓದಿದವರು ಅಲೋಪತಿ ಔಷಧ ಕೊಟ್ಟದ್ದು. ಹಿಂದೆ ನಮ್ಮಂತೆಯೇ ನಿಜಾಮನ ರಾಜ್ಯದಲ್ಲಿದ್ದ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಸಂತಾನಹರಣ ಚಿಕಿತ್ಸೆಗೆ ಹೋದ ಮಹಿಳೆಯ ಹೊಟ್ಟೆಯಲ್ಲಿ ಬಟ್ಟೆ ಉಳಿದು ಆಕೆ ಸತ್ತಳು. ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1996ರಲ್ಲಿ. ಎಡವಿದ್ದು ಎದ್ದು ಕಾಣುವ ಕೇಸಿಗೇ ಅಷ್ಟು ವರ್ಷ. ನಿಮ್ಮದು ಆ ಬಗೆಯದಲ್ಲ, ನಿಮಗೆ ತಜ್ಞರು ಬೇಕೇ ಬೇಕು. ಕಲಬುರಗಿಯ ಸರ್ಜನ್ ಕಲಬುರಗಿಯ ಸರ್ಜನ್ ವಿರುದ್ಧ ಬರೆದುಕೊಡುತ್ತಾರೆಂದು ನಂಬಿ ಕೂರಬೇಡಿ. ಸೋಲಾಪುರ, ಹೈದರಾಬಾದ್, ಬೆಂಗಳೂರಿನ ಉದರ ಶಸ್ತ್ರಚಿಕಿತ್ಸಾ ತಜ್ಞರಲ್ಲಿ ಒಬ್ಬರನ್ನು ಹುಡುಕಬೇಕು. ಬರೆದುಕೊಡಲು ಒಪ್ಪದವರೂ ಕೆಲವೊಮ್ಮೆ ಕಡತ ಓದಿ ‘ಇದರಲ್ಲಿ ಹುರುಳಿದೆ, ಇಲ್ಲ’ ಎಂದು ಬಾಯಿಮಾತಿನಲ್ಲಿ ಹೇಳುತ್ತಾರೆ. ಒಳ್ಳೆಯ ವಕೀಲರು ಹಿಡಿಯುವ, ಬಿಡುವ ತೀರ್ಮಾನ ಮಾಡುವುದು ಬಹುಪಾಲು ಆ ಬಾಯಿಮಾತಿನ ಮೇಲೆಯೇ. ಆಯೋಗವೂ ಮುಂದೆ ಕಡತವನ್ನು ಸರ್ಕಾರಿ ವೈದ್ಯಕೀಯ ಕಾಲೇಜಿನ ಮಂಡಳಿಗೆ ಕಳಿಸಬಹುದು. ಅಲ್ಲಿಂದ ವಿರುದ್ಧ ವರದಿ ಬಂದರೆ ನಿಮ್ಮ ಕೈಯಲ್ಲಿ ಸ್ವಂತ ತಜ್ಞರ ಅಭಿಪ್ರಾಯ ಇಲ್ಲದೆ ಉಳಿಯುವುದು ಕಷ್ಟ.

ಹಣದ ಮಾತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುತ್ತೇನೆ. ವಕೀಲರು ಮನಸ್ಸಿನಲ್ಲಿ ಒಂದು ಗುಣಾಕಾರ ಮಾಡಿರುತ್ತಾರೆ. ಅಪಘಾತದ ಕೇಸುಗಳ ಲೆಕ್ಕ ಅದು. ವೈದ್ಯಕೀಯ ಕೇಸಿನಲ್ಲಿ ಆಯೋಗಕ್ಕೆ ಅದೇ ಕಟ್ಟಳೆಯಲ್ಲದಿದ್ದರೂ ಅಂದಾಜಿಗೆ ಬರುತ್ತದೆ. ನಿಮ್ಮ ಅಕ್ಕನ ದುಡಿಮೆಯನ್ನು, ಹೊಲದ್ದು ಮತ್ತು ಮನೆಯದು ಸೇರಿ, ತಿಂಗಳಿಗೆ 10,000 ಎಂದು ಹಿಡಿಯೋಣ. ಮುಂದಿನ ಏರಿಕೆಗೆ ಶೇ 40 ಸೇರಿಸಿದರೆ 14,000, ವರ್ಷಕ್ಕೆ 1,68,000. ಆಕೆಯ ಸ್ವಂತ ಖರ್ಚಿಗೆ ಮೂರರಲ್ಲಿ ಒಂದು ಭಾಗ ಕಳೆದರೆ 1,12,000. 36ರ ವಯಸ್ಸಿಗೆ ಗುಣಕ, ಅಂದರೆ ವರ್ಷದ ಮೊತ್ತವನ್ನು ಗುಣಿಸುವ ಸಂಖ್ಯೆ, 15. ಒಟ್ಟು 16,80,000, ಅದರ ಮೇಲೆ ಆಸ್ಪತ್ರೆ ಖರ್ಚು ಮತ್ತು ಇತರ ಬಾಬತ್ತುಗಳು. ಇದೇ 68 ವರ್ಷದ ಅಜ್ಜಿಯಾಗಿದ್ದರೆ ಏರಿಕೆಯ ಸೇರ್ಪಡೆ ಇಲ್ಲ, ಗುಣಕ 5, ಲೆಕ್ಕ 4 ಲಕ್ಷಕ್ಕೆ ನಿಲ್ಲುತ್ತದೆ. ತಜ್ಞರ ಫೀಸು, ಓಡಾಟ, ವರ್ಷಗಟ್ಟಲೆ ತಾರೀಖುಗಳನ್ನು ಕಳೆದರೆ ಮನೆಯವರಿಗೆ ಏನೂ ಉಳಿಯದು. ತಪ್ಪು ಸ್ಪಷ್ಟವಿದ್ದರೂ ವಯಸ್ಸಾದವರ ಕೇಸು ವಕೀಲರು ಬಿಡುವುದು ಇದಕ್ಕೇ. ನನಗೆ ಇದು ಕಾನೂನಿನ ಅತ್ಯಂತ ಕೆಟ್ಟ ಮುಖ ಎನಿಸುತ್ತದೆ, ಆದರೆ ಇರುವುದು ಇದೇ.

50 ಲಕ್ಷದ ಮಾತು ಎಲ್ಲಿಂದ ಬಂತೆಂದರೆ, ಕುನಾಲ್ ಸಾಹಾ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಬಡ್ಡಿ ಬಿಟ್ಟು 5.96 ಕೋಟಿ ಕೊಡಿಸಿದ್ದನ್ನು ಎಲ್ಲರೂ ಕೇಳಿದ್ದಾರೆ. ತೀರಿಕೊಂಡ ಸಾಹಾ ಅವರ ಪತ್ನಿ ಅಮೆರಿಕದಲ್ಲಿ ನೆಲೆಸಿದ್ದ ಮಕ್ಕಳ ಮನೋವಿಜ್ಞಾನಿ, ಪತಿ ಸ್ವತಃ ವೈದ್ಯರು, 1998ರಿಂದ ಹದಿನೈದು ವರ್ಷ ಬಿಡದೆ ಹೋರಾಡಿದರು. ಅದನ್ನು ನಿಮ್ಮ ಕಡತಕ್ಕೆ ಅಳತೆಯಾಗಿ ತೋರಿಸುವುದು ಮೋಸ.

ಎಲ್ಲಿ ದೂರು ಕೊಡುವುದು ಎಂಬ ಬಗ್ಗೆ ಮಾತ್ರ ಸುದ್ದಿ ಒಳ್ಳೆಯದಿದೆ. 2019ರ ಕಾಯ್ದೆಯ ನಂತರ ಆಯೋಗದ ವ್ಯಾಪ್ತಿ ನಿರ್ಧಾರವಾಗುವುದು ನೀವು ಕೇಳುವ ಪರಿಹಾರದ ಮೇಲಲ್ಲ, ಕಟ್ಟಿದ ಬಿಲ್ಲಿನ ಮೇಲೆ. 50 ಲಕ್ಷದವರೆಗೆ ಕಟ್ಟಿದ್ದರೆ ಜಿಲ್ಲಾ ಆಯೋಗ. ಕಟ್ಟಿದ್ದು 5 ಲಕ್ಷದೊಳಗಿದ್ದರೆ ದೂರಿನ ಶುಲ್ಕವೇ ಇಲ್ಲ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದಾದ್ದರಿಂದ, ಸೋಲಾಪುರದಲ್ಲೋ ಹೈದರಾಬಾದಿನಲ್ಲೋ ಚಿಕಿತ್ಸೆ ಪಡೆದ ಬೀದರ್, ಯಾದಗಿರಿಯವರೂ ಈಗ ತಮ್ಮ ಜಿಲ್ಲೆಯಿಂದಲೇ ಕೇಸು ನಡೆಸಬಹುದು. ನಮ್ಮ ಭಾಗದ ಬಹಳ ಜನ ಚಿಕಿತ್ಸೆಗೆ ಗಡಿ ದಾಟುವವರು, ಅವರಿಗೆ ಇದು ದೊಡ್ಡ ಅನುಕೂಲ. ವಕೀಲರಿಲ್ಲದೆ ನೀವೇ ವಾದಿಸಲೂ ಅಡ್ಡಿಯಿಲ್ಲ, ಆದರೆ ವೈದ್ಯಕೀಯ ಕೇಸಿನಲ್ಲಿ ಅದನ್ನು ನಾನು ಸಲಹೆ ಮಾಡುವುದಿಲ್ಲ. ಮಕ್ಕಳ ಹೆಸರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಬಹುದು. ಅದಕ್ಕೆ ಆದಾಯದ ಮಿತಿ ಇಲ್ಲ.

ಬಿಲ್ಲು ಇಟ್ಟುಕೊಂಡಿದ್ದೀರಷ್ಟೆ? ಚೀಟಿಯಲ್ಲಿ ಮೊತ್ತ ಬರೆದು ನಗದು ಪಡೆಯುವ ಆಸ್ಪತ್ರೆಗಳು ಇವೆ, ಆಮೇಲೆ ‘ಇವರು ನಮ್ಮ ಗ್ರಾಹಕರೇ ಅಲ್ಲ’ ಎನ್ನುತ್ತಾರೆ. ಸರ್ಕಾರಿ ಯೋಜನೆಯ ಕಾರ್ಡಿನಲ್ಲಿ ಚಿಕಿತ್ಸೆಯಾಗಿದ್ದರೆ ಆ ಕಾಗದವನ್ನೂ ತೆಗೆದಿಡಿ. ವಿಮೆ ಅಥವಾ ಉದ್ಯೋಗದಾತರು ಹಣ ಕೊಟ್ಟಿದ್ದರೂ ರೋಗಿ ಗ್ರಾಹಕರೇ ಎಂದು 1995ರ ವಿ.ಪಿ. ಶಾಂತಾ ತೀರ್ಪಿನಲ್ಲಿದೆ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಆಸ್ಪತ್ರೆಗೂ ಇದು ಅನ್ವಯ ಎಂದು 2007ರಲ್ಲಿ ಸ್ಪಷ್ಟವಾಯಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ ಈ ಕಾಯ್ದೆಯ ಹೊರಗೆ. ಅದಕ್ಕೆ ಸಿವಿಲ್ ಕೋರ್ಟು, ಎರಡು ತಿಂಗಳ ನೋಟಿಸು, ಕೋರ್ಟು ಫೀಸು. ಅಂದ ಹಾಗೆ, ವೈದ್ಯರನ್ನು ಗ್ರಾಹಕರ ಆಯೋಗಕ್ಕೆ ಎಳೆಯುವ ವಕೀಲರನ್ನು ಅದೇ ಆಯೋಗಕ್ಕೆ ಎಳೆಯುವಂತಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವೈದ್ಯ ಮಿತ್ರರು ಇದನ್ನು ನಮ್ಮಂಥ ವಕೀಲರಿಗೆ ಆಗಾಗ ನೆನಪಿಸುತ್ತಾರೆ, ಅವರ ಸಿಟ್ಟಿನಲ್ಲಿ ನ್ಯಾಯವಿಲ್ಲವೆಂದು ನಾನು ವಾದಿಸಲಾರೆ.

ಪೊಲೀಸ್ ಠಾಣೆಗೆ ಹೋಗಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕ್ರಿಮಿನಲ್ ಶಿಕ್ಷೆಗೆ ಸಾಧಾರಣ ನಿರ್ಲಕ್ಷ್ಯ ಸಾಲದು, ಘೋರ ನಿರ್ಲಕ್ಷ್ಯ ಬೇಕು, ಸ್ವತಂತ್ರ ವೈದ್ಯರ ಅಭಿಪ್ರಾಯವಿಲ್ಲದೆ ವೈದ್ಯರ ಮೇಲೆ ಕ್ರಮ ಜರುಗಿಸುವಂತಿಲ್ಲ. ಅಲ್ಲಿ ಬಿದ್ದುಹೋದ ದೂರಿನ ಪ್ರತಿಯನ್ನು ಎದುರಿನವರು ಇಲ್ಲಿ ತಂದು ತೋರಿಸುತ್ತಾರೆ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡುವುದು ಬೇರೆ ಮಾತು. ಅದರಿಂದ ಹಣ ಬರುವುದಿಲ್ಲ, ಆದರೆ ವೈದ್ಯರ ನಡತೆಯನ್ನು ವೈದ್ಯರೇ ಪರಿಶೀಲಿಸುವುದರಿಂದ ಅಲ್ಲಿ ತಪ್ಪು ಎಂದು ಬಂದ ಆದೇಶಕ್ಕೆ ಆಯೋಗದ ಮುಂದೆ ತೂಕವಿರುತ್ತದೆ. ಅದು ಮುಗಿಯಲಿ ಎಂದು ಕಾಯುತ್ತಾ ಎರಡು ವರ್ಷ ದಾಟಿಸಿಕೊಳ್ಳಬೇಡಿ.

ಇಷ್ಟೆಲ್ಲ ಇಟ್ಟುಕೊಂಡು ನಿಮ್ಮ ಕಡತ ನನ್ನ ಮೇಜಿಗೆ ಬಂದಿದ್ದರೆ ನಾನು ಹೂಂ ಎನ್ನುತ್ತಿರಲಿಲ್ಲ, ಒಲ್ಲೆ ಎಂದೂ ಕಳಿಸುತ್ತಿರಲಿಲ್ಲ. ಆ ಎರಡು ಒಪಿಡಿ ಚೀಟಿ ಮತ್ತು ಹೈದರಾಬಾದಿನ ಆಪರೇಷನ್ ಟಿಪ್ಪಣಿ ತನ್ನಿ ಎನ್ನುತ್ತಿದ್ದೆ, ಕಡತ ಓದಿಸುವ ಖರ್ಚಿಗಷ್ಟೇ ಹಣ ಕೇಳುತ್ತಿದ್ದೆ. ಸರ್ಜನ್ ಓದಿ ‘ಮೂರನೆಯ, ನಾಲ್ಕನೆಯ ದಿನ ಹಿಡಿದಿದ್ದರೆ ಉಳಿಯುವ ಸಾಧ್ಯತೆ ಹೆಚ್ಚಿತ್ತು’ ಎಂದರೆ ಕೇಸು ಹಿಡಿಯುತ್ತಿದ್ದೆ. ‘ಆಗ ಹಿಡಿದಿದ್ದರೂ ಹೇಳಲಾಗದು’ ಎಂದರೆ ಬಿಡುತ್ತಿದ್ದೆ, ಏಕೆಂದು ಬರೆದೂ ಕೊಡುತ್ತಿದ್ದೆ. ಮುಂದಿನ ವಕೀಲರಿಗೆ ಫೀಸು ಕೊಡುವಾಗ ಯಾವ ಹಂತಕ್ಕೆ ಎಷ್ಟು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ, ರಸೀದಿ ಕೇಳಿ, ಮೂಲ ದಾಖಲೆಗಳನ್ನು ಕೊಡದೆ ಜೆರಾಕ್ಸ್ ಕೊಡಿ. ಆಸ್ಪತ್ರೆಗೆ ದಾಖಲೆ ಕೇಳುವ ಅರ್ಜಿ ಮಾತ್ರ ವಕೀಲರು ಸಿಗುವವರೆಗೆ ಕಾಯಬಾರದು. ಅದಕ್ಕೆ ಬೇಕಾದದ್ದು ಒಂದು ಬಿಳಿ ಹಾಳೆ ಮತ್ತು ನಿಮ್ಮ ಭಾವನ ಸಹಿ. ಈ ವಾರವೇ ಕಳಿಸಿ.